ಓದುಗರ ಪ್ರಶ್ನೆಗಳಿಗೆ ಉತ್ತರ: ನ್ಯಾನೊ ಸಿಂಪಡಣೆಯೂ ಗಿಡದ ಜೀನುಗಳೂ

ಪ್ರಶ್ನೆ: ಬ್ರಹ್ಮಾವರದ ಸಮೀಪ ನಮ್ಮದು ಬೈಲು ಗದ್ದೆ. ಏಣೆಲು (ಮುಂಗಾರಿನ ಭತ್ತ) ಬೆಳೆಗೆ ಈ ಸಲ ಬಾಟಲಿಯಲ್ಲಿ ಬರುವ ದ್ರವರೂಪದ ನ್ಯಾನೊ ಯೂರಿಯಾ ಸಿಂಪಡಿಸುವ ಯೋಚನೆಯಿದೆ. ನ್ಯಾನೊ ಕಣಗಳು, ಎಂದರೆ ಕಣ್ಣಿಗೆ ಕಾಣದಷ್ಟು ಅತಿಸೂಕ್ಷ್ಮ ಕಣಗಳು, ಗಿಡದ ಜೀನುಗಳ ಚಟುವಟಿಕೆಯನ್ನೇ ಬದಲಿಸುತ್ತವೆ ಎಂದು ಬಿ.ಎಸ್ಸಿ. ಓದುವ ಮಗಳು ಹೇಳುತ್ತಾಳೆ. ಬಿತ್ತನೆ ಬೀಜವನ್ನು ಮನೆಯಲ್ಲೇ ತೆಗೆದಿಡುವ ನಮಗೆ ಇದರಿಂದ ತೊಂದರೆಯಾದೀತೇ?

ಉತ್ತರ: ಮಗಳು ಹೇಳಿದ್ದು ಸರಿ, ಆದರೆ ತಮ್ಮ ಭಯಕ್ಕೆ ಅದು ಆಧಾರವಾಗುವುದಿಲ್ಲ. ಜೀನಿನ ಚಟುವಟಿಕೆ ಬದಲಾಗುವುದು ಬೇರೆ, ಜೀನೇ ಬದಲಾಗುವುದು ಬೇರೆ. ಎಲೆ, ಬೇರು, ತೆನೆ ಎಲ್ಲದರ ಜೀವಕೋಶಗಳಲ್ಲೂ ಜೀನುಗಳ ಸಂಗ್ರಹ ಒಂದೇ ಆಗಿದ್ದರೂ, ಆಯಾ ಹೊತ್ತಿಗೆ ಬೇಕಾದ ಜೀನುಗಳಿಂದ ಮಾತ್ರ ಆರ್‌ಎನ್‌ಎ ಪ್ರತಿಗಳು ಹೊರಡುತ್ತವೆ, ಆ ಪ್ರತಿಗಳನ್ನು ಅನುಸರಿಸಿ ಪ್ರೋಟೀನುಗಳು ತಯಾರಾಗುತ್ತವೆ. ಪ್ರತಿಗಳ ಸಂಖ್ಯೆ ಏರುವುದನ್ನೋ ಇಳಿಯುವುದನ್ನೋ ವಿಜ್ಞಾನಿಗಳು ‘ಚಟುವಟಿಕೆಯ ಬದಲಾವಣೆ’ ಎನ್ನುತ್ತಾರೆ. ಗದ್ದೆಯಲ್ಲಿ ನೆರೆ ನೀರು ನಿಂತಾಗ, ಬೆಂಕಿ ರೋಗದ ಶಿಲೀಂಧ್ರ ತಗಲಿದಾಗ, ಅಷ್ಟೇಕೆ, ಚೀಲದ ಸಾಮಾನ್ಯ ಯೂರಿಯಾ ಎರಚಿದಾಗಲೂ ಭತ್ತದ ಗಿಡದಲ್ಲಿ ಅಸಂಖ್ಯ ಜೀನುಗಳು ಹೀಗೆ ಏರಿಳಿಯುತ್ತವೆ. ಎಲೆಯೊಳಗೆ ಸೇರಿದ ಯೂರಿಯಾವನ್ನು, ಅದು ಬಾಟಲಿಯದಾಗಲಿ ಚೀಲದ್ದಾಗಲಿ, ಯೂರಿಯೇಸ್ ಎಂಬ ಕಿಣ್ವ ಒಡೆದು ಅಮೋನಿಯಾ ಮಾಡುತ್ತದೆ. ಇದು ಬೀಜದ ತಳಿಗುಣವನ್ನು ಮುಟ್ಟುವ ಕ್ರಿಯೆಯಲ್ಲ.

ಹಾಗೆಂದು ಎಲ್ಲ ನ್ಯಾನೊ ವಸ್ತುಗಳಿಗೂ ಇದೇ ಅಭಯ ನೀಡಲಾಗದು. ಬೆಳ್ಳಿಯ ನ್ಯಾನೊ ಕಣಗಳಿದ್ದ ದ್ರಾವಣದಲ್ಲಿ ಈರುಳ್ಳಿಯ ಬೇರಿನ ತುದಿಗಳನ್ನಿಟ್ಟು ನೋಡಿದಾಗ ಜೀನುಗಳನ್ನು ಹೊತ್ತ ವರ್ಣತಂತುಗಳು ತುಂಡಾಗಿದ್ದವು, ಅಲ್ಲಿ ಹಾನಿ ಆದದ್ದು ಆನುವಂಶಿಕ ವಸ್ತುವಿಗೇ.

ತಾವು ಕೇಳದಿದ್ದರೂ ಒಂದು ಮಾತು. 2021ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ನ್ಯಾನೊ ಯೂರಿಯಾದಲ್ಲಿ ಸಾರಜನಕ ಇದ್ದದ್ದು ಶೇ. 4, ಎಂದರೆ 500 ಮಿ.ಲೀ. ಬಾಟಲಿಯಲ್ಲಿ ಸುಮಾರು 20 ಗ್ರಾಂ, 45 ಕೆ.ಜಿ. ಚೀಲದಲ್ಲಿರುವುದು 20 ಕೆ.ಜಿ.ಗೂ ಮಿಕ್ಕಿ. ಅನಂತರದ ಬಾಟಲಿಗಳಲ್ಲಿ ಪ್ರಮಾಣ ಹೆಚ್ಚಿದರೂ ಅಂತರ ದೊಡ್ಡದೇ. ಬೀಜದ ಬಗ್ಗೆ ಚಿಂತಿಸುವುದಕ್ಕಿಂತ ಈ ಲೆಕ್ಕವನ್ನು ಮುಂದಿಟ್ಟುಕೊಂಡು ಬುಡಗೊಬ್ಬರವನ್ನು ನಿಲ್ಲಿಸದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಸತುವಿನ ನ್ಯಾನೊ ಕಣ ಹಾಕಿದಾಗ ಜೀನುಗಳು ಏರಿಳಿಯಲು ಕಾರಣ ಕಣದ ಗಾತ್ರವೋ ಅಥವಾ ಸತುವೋ ಎಂಬುದನ್ನು ಹೇಗೆ ತಿಳಿಯುತ್ತಾರೆ? (ಮಂಗಳೂರಿನ ಪದವಿ ವಿದ್ಯಾರ್ಥಿನಿ)

ಉತ್ತರ: ಈ ಕ್ಷೇತ್ರದ ಅನೇಕ ಪ್ರಬಂಧಗಳು ಎಡವುವುದೇ ಇಲ್ಲಿ. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೇರುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸತುವಿನ ಆಕ್ಸೈಡಿನ ನ್ಯಾನೊ ಕಣಗಳಿಂದ 660 ಜೀನುಗಳ ಚಟುವಟಿಕೆ ಏರಿ 826 ಜೀನುಗಳದ್ದು ಇಳಿದಿತ್ತು. ಟೈಟಾನಿಯಂ ಡೈಆಕ್ಸೈಡಿನ ಕಣಗಳಿಂದ ಏರಿದ್ದು 80, ಇಳಿದದ್ದು 74. ಎರಡೂ ನ್ಯಾನೊ ಕಣಗಳೇ ಆದ್ದರಿಂದ ಗಾತ್ರವೊಂದೇ ಈ ವ್ಯತ್ಯಾಸವನ್ನು ವಿವರಿಸಲಾರದು. ಟೈಟಾನಿಯಂ ಡೈಆಕ್ಸೈಡ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಸತುವಿನ ಆಕ್ಸೈಡ್ ಕರಗಿ ಸತುವಿನ ಅಯಾನುಗಳನ್ನು (ವಿದ್ಯುದಂಶವುಳ್ಳ ಪರಮಾಣುಗಳನ್ನು) ಬಿಡುತ್ತದೆ, ಅವು ಅತಿಯಾದಾಗ ಬೇರಿಗೆ ವಿಷ. ಆದ್ದರಿಂದ ಒಳ್ಳೆಯ ಪ್ರಯೋಗದಲ್ಲಿ ನ್ಯಾನೊ ಕಣ ಹಾಕಿದ ಗಿಡಗಳ ಪಕ್ಕದಲ್ಲಿ, ಅಷ್ಟೇ ಸತುವನ್ನು ಜಿಂಕ್ ಸಲ್ಫೇಟಿನ ರೂಪದಲ್ಲಿ ಪಡೆದ ಗಿಡಗಳೂ, ದಪ್ಪ ಕಣಗಳ ಆಕ್ಸೈಡನ್ನು ಪಡೆದ ಗಿಡಗಳೂ ಇರಬೇಕು. ಬರೀ ನೀರು ಕುಡಿದ ಗಿಡದೊಂದಿಗೆ ಹೋಲಿಸಿ ‘ನ್ಯಾನೊ ಪರಿಣಾಮ’ ಎಂದು ಬರೆದರೆ ಅದನ್ನು ಒಪ್ಪಬೇಕಾಗಿಲ್ಲ. ಕರಾವಳಿಯ ಮುರಕಲ್ಲು ಮಣ್ಣು ಆಮ್ಲೀಯವಾದ್ದರಿಂದ ಸತುವಿನ ಆಕ್ಸೈಡ್ ಇಲ್ಲಿ ಇನ್ನೂ ಬೇಗ ಕರಗುತ್ತದೆ ಎಂಬುದನ್ನೂ ಪ್ರಾಜೆಕ್ಟ್ ಮಾಡುವಾಗ ಗಮನದಲ್ಲಿಡಿ.

ಕರಗದ ವಸ್ತುಗಳ ವಿಷಯದಲ್ಲಿ ಮಾತ್ರ ಕಣದ ಪಾತ್ರ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಇಂಗಾಲದ ನ್ಯಾನೊ ಕೊಳವೆಗಳಿಗೆ ಒಡ್ಡಿದ ಟೊಮೆಟೊ ಸಸಿಗಳಲ್ಲಿ ಜೀವಕೋಶದೊಳಗೆ ನೀರು ಬಿಡುವ ಆಕ್ವಾಪೋರಿನ್ ಪ್ರೋಟೀನಿನ ಜೀನು ಚುರುಕಾಗಿತ್ತು. ಆ ಕೊಳವೆಗಳಿಂದ ಯಾವ ಪೋಷಕಾಂಶವೂ ಕರಗಿ ಬರುವುದಿಲ್ಲವಾದ್ದರಿಂದ, ಗಿಡ ಸ್ಪಂದಿಸಿದ್ದು ಕೊಳವೆಗೇ ಎನ್ನಬಹುದು.

ಪ್ರಶ್ನೆ: ಜೀನನ್ನು ಬೇಕೆಂದೇ ತಡೆಯುವ ಸಿಂಪಡಣೆಯೂ ಇದೆಯಂತೆ, ನಿಜವೇ? (ಕಟಪಾಡಿಯ ಓದುಗರು)

ಉತ್ತರ: ಪ್ರಯೋಗದಲ್ಲಿ ಸಾಧ್ಯವಾಗಿದೆ, ಆದರೆ ಅಲ್ಲಿ ತಡೆಯುವುದು ಗಿಡದ ಜೀನನ್ನಲ್ಲ, ವೈರಸ್ಸಿನದನ್ನು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2017ರಲ್ಲಿ, ಜೇಡಿಯಂತಹ ನ್ಯಾನೊ ಹಾಳೆಗಳಿಗೆ ವೈರಸ್ಸಿನ ಜೀನನ್ನು ತಡೆಯುವ ಎರಡೆಳೆಯ ಆರ್‌ಎನ್‌ಎ ಅಂಟಿಸಿ ಎಲೆಗೆ ಸಿಂಪಡಿಸಿ, ಒಂದೇ ಸಿಂಪಡಣೆಯಿಂದ 20 ದಿನಗಳವರೆಗೆ ವೈರಸ್ಸಿನಿಂದ ರಕ್ಷಣೆ ಸಿಕ್ಕಿದ್ದನ್ನು ತೋರಿಸಿದರು. ಬರಿಯ ಆರ್‌ಎನ್‌ಎ ಬೇಗನೆ ನಾಶವಾಗುತ್ತದೆ. ಹಾಳೆಗೆ ಅಂಟಿದ್ದು ನೀರು ಬಿದ್ದರೂ ಸುಲಭವಾಗಿ ತೊಳೆದುಹೋಗುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ಎಲೆಯ ಮೇಲಿನ ತೇವ ಸೇರಿ ಹಾಳೆಯನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತವೆ, ಆರ್‌ಎನ್‌ಎ ಅಷ್ಟಷ್ಟೇ ಬಿಡುಗಡೆಯಾಗುತ್ತದೆ.