ಬಡ ಮಕ್ಕಳ ತಟ್ಟೆಗೆ ಪೌಷ್ಟಿಕ ಆಹಾರ: ಸರ್ಕಾರದ ಹಣ ಎಲ್ಲಿ ಸಾಲದಾಗುತ್ತದೆ?

ಪಡಿತರದ ಅಕ್ಕಿಯಾಚೆಗೆ ಬಡ ಕುಟುಂಬಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ನಿಜವಾಗಿಯೂ ಹಣ ಕೊಡುತ್ತದೆಯೇ, ಕೊಟ್ಟದ್ದು ತಟ್ಟೆಗೆ ಬಂದು ಬೀಳುತ್ತದೆಯೇ ಎಂದು ತಾವು ಕೇಳಿದ್ದೀರಿ. ಕೊಡುತ್ತದೆ, ಬೀಳುತ್ತದೆ. ಆದರೆ ತಲೆಗೆ ಇಂತಿಷ್ಟೆಂದು ಗೊತ್ತುಮಾಡಿದ ದರ ಸಂತೆಯ ದರದ ಜೊತೆ ಏರುವುದಿಲ್ಲ. ತೊಡಕು ಇರುವುದು ಅಲ್ಲಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಅಕ್ಷರ ದಾಸೋಹದ, ಅಂದರೆ ಮಧ್ಯಾಹ್ನದ ಬಿಸಿಯೂಟದ, ಲೆಕ್ಕ ಬರೆಯುವವನಾಗಿ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಬಿಸಿಯೂಟದ ಅಕ್ಕಿ ಪ್ರತ್ಯೇಕವಾಗಿ, ಉಚಿತವಾಗಿ ಬರುತ್ತದೆ. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಇಂಧನ ಇವಿಷ್ಟಕ್ಕೆ ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಭರಿಸುವ ಮೊತ್ತವು 2025ರ ಮೇ ತಿಂಗಳ ಪರಿಷ್ಕರಣೆಯಂತೆ ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 6.78 ರೂಪಾಯಿ, ಆರರಿಂದ ಎಂಟನೇ ತರಗತಿಯವರಿಗೆ 10.17 ರೂಪಾಯಿ. ಇದರಲ್ಲಿ ಚಿಕ್ಕ ಮಕ್ಕಳ ಪಾಲಿಗೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಬೀಳಲೇಬೇಕು. ಟೊಮೆಟೊ ದುಬಾರಿಯಾದ ವಾರ ನಮ್ಮ ಸಾಂಬಾರಿಗೆ ಹುಣಸೆಹುಳಿಯೇ ಗತಿ.

ಮೊಟ್ಟೆಯ ಲೆಕ್ಕ ಇನ್ನೂ ಬಿಗಿ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಲ್ಲೆನೆಂದವರಿಗೆ ಬಾಳೆಹಣ್ಣು ಕೊಟ್ಟು ಯೋಜನೆ ಮುಂದುವರಿಯಿತು, ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಎರಡಿದ್ದದ್ದು ಆರಾಯಿತು. (ಮೊಟ್ಟೆ ಬೇಕೋ ಬೇಡವೋ ಎಂದು ವಾದ ಮಾಡಿದವರು ಯಾರೂ ನಮ್ಮ ಮಕ್ಕಳನ್ನು ಕೇಳಿರಲಿಲ್ಲ; ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.) ಒಂದು ಮೊಟ್ಟೆಗೆ ಬಂದದ್ದು ಆರು ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲವೂ ಅದರೊಳಗೇ.

ಚಳಿಗಾಲದಲ್ಲಿ ಮೊಟ್ಟೆಯ ಬೆಲೆ ಏರುವುದು ಪ್ರತಿವರ್ಷದ ಮಾತು. ನಮ್ಮಲ್ಲಿ ಮೊಟ್ಟೆ ತಿನ್ನುವವರು 130 ಮಕ್ಕಳು. ಒಂದಕ್ಕೆ ಒಂದು ರೂಪಾಯಿ ಕಡಿಮೆ ಬಿದ್ದರೂ ವಾರಕ್ಕೆ 780 ರೂಪಾಯಿ ಮುಖ್ಯ ಶಿಕ್ಷಕರ ಜೇಬಿನಿಂದ ಹೋಗಬೇಕು, ಇಲ್ಲವೇ ಅಂಗಡಿಯವನು ಹಳೆಯ ದರಕ್ಕೇ ಕೊಡುವ ಸಣ್ಣ ಮೊಟ್ಟೆಯನ್ನು ಒಪ್ಪಿಕೊಳ್ಳಬೇಕು. ಒಮ್ಮೆ ಒಪ್ಪಿಕೊಂಡೆವು. ತೀರಾ ತಾಜಾ ಮೊಟ್ಟೆಗಳಾದ್ದರಿಂದ ಸಿಪ್ಪೆಯ ಜೊತೆಗೆ ಬಿಳಿಭಾಗವೂ ಕಿತ್ತುಬರುತ್ತಿತ್ತು. ಅಡುಗೆಯವರು ಅವನ್ನು ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಸುಲಿದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ನೋಡಿ, “ಇದು ಮರಿಮೊಟ್ಟೆಯಾ ಸಾರ್?” ಎಂದು ಕೇಳಿದಳು. ದಾಖಲೆ ಪುಸ್ತಕದಲ್ಲಿ ಅಂದು 130 ಮೊಟ್ಟೆ ಎಂದೇ ಇದೆ. ಗಾತ್ರ ಬರೆಯಲು ಅದರಲ್ಲಿ ಕಾಲಂ ಇಲ್ಲ.

ಆದ್ದರಿಂದ ಹೊಸ ಯೋಜನೆಗಿಂತ ಮೊದಲು ನಾನು ಕೇಳುವುದು, ಸಗಟು ದರ ನೋಡಿ ಮೂರು ತಿಂಗಳಿಗೊಮ್ಮೆ ಮೊಟ್ಟೆಯ ದರವನ್ನು ತಿದ್ದುವ ಆದೇಶವನ್ನು, ಮತ್ತು ತಿದ್ದಿದ ಮೊತ್ತ ತಿಂಗಳ ಮೊದಲೇ ಶಾಲೆಯ ಖಾತೆಗೆ ಬಂದು ಸೇರುವುದನ್ನು.