ಓದುಗರ ಪ್ರಶ್ನೆಗೆ ಉತ್ತರ: ಸ್ಕೇಟಿಂಗ್ ಸ್ಪರ್ಧೆಗೆ ಹೊರದೇಶಕ್ಕೆ ಹೊರಡುವ ಮೊದಲು

ಇನ್‌ಲೈನ್ ಸ್ಪೀಡ್ ಸ್ಕೇಟಿಂಗ್, ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟಿನ ವೇಗದ ಓಟದ ಕುರಿತು, ಅದರಲ್ಲೂ ಹೊರದೇಶದ ಸ್ಪರ್ಧೆಗಳ ಕುರಿತು, ಶಿವಮೊಗ್ಗ ಮತ್ತು ಸುತ್ತಲಿನ ತಾಲ್ಲೂಕುಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಜಿಲ್ಲಾ ಮಟ್ಟದಲ್ಲಿ ಎರಡು ಪದಕ ಗೆದ್ದಿದ್ದಾನೆ. ಈಗ ಒಂದು ಸಂಸ್ಥೆಯವರು ಹೊರದೇಶದಲ್ಲಿ ನಡೆಯುವ ‘ಅಂತಾರಾಷ್ಟ್ರೀಯ ಚಾಂಪಿಯನ್‌ಷಿಪ್‌’ಗೆ ಅವನು ಆಯ್ಕೆಯಾಗಿದ್ದಾನೆಂದು ಪತ್ರ ಕಳಿಸಿ, ದೊಡ್ಡ ಮೊತ್ತವನ್ನು ವಾರದೊಳಗೆ ಕಟ್ಟಬೇಕೆಂದು ಹೇಳುತ್ತಿದ್ದಾರೆ. ಹಣ ಕಟ್ಟಬಹುದೇ?
— ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ತಾವು ಈಗಲೇ ಹಣ ಕಟ್ಟಬೇಡಿ. ಮೊದಲು ಆಯ್ಕೆ ಎಲ್ಲಿ, ಯಾವ ಸ್ಪರ್ಧೆಯ ಫಲಿತಾಂಶದ ಮೇಲೆ ನಡೆಯಿತು ಎಂದು ಬರಹದಲ್ಲಿ ಕೇಳಿ. ಈ ಕ್ರೀಡೆಯ ಜಾಗತಿಕ ಆಡಳಿತ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿರುವ ‘ವರ್ಲ್ಡ್ ಸ್ಕೇಟ್’ ಸಂಸ್ಥೆಯದು. ಭಾರತದಲ್ಲಿ ಅದರ ಸದಸ್ಯತ್ವ ಇರುವುದು ರೋಲರ್ ಸ್ಕೇಟಿಂಗ್ ಫೆಡರೇಷನ್ ಆಫ್ ಇಂಡಿಯಾಕ್ಕೆ. ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರೀಯ ಸ್ಪರ್ಧೆಗೆ, ಅಲ್ಲಿಂದ ಆಯ್ಕೆ ಟ್ರಯಲ್ಸ್‌ಗೆ ಹೋಗುವ ದಾರಿ ಒಂದೇ, ಮತ್ತು ಭಾರತ ತಂಡದ ಹೆಸರಿನಲ್ಲಿ ಆಡಲು ಬೇರೆ ಒಳದಾರಿ ಇಲ್ಲ. ರಾಜ್ಯ ಮಟ್ಟದಲ್ಲೇ ಇನ್ನೂ ಓಡದ ಹುಡುಗನಿಗೆ ಹೊರದೇಶದಿಂದ ‘ಆಯ್ಕೆ ಪತ್ರ’ ಬಂದಿದೆಯೆಂದರೆ, ಆಯ್ಕೆಯಾಗಿರುವುದು ಅವನ ವೇಗವಲ್ಲ, ನಿಮ್ಮ ಪಾವತಿಯ ಸಾಮರ್ಥ್ಯ.

ಇಂಥ ಕೂಟಗಳೆಲ್ಲ ಮೋಸವೆಂದು ಹೇಳುತ್ತಿಲ್ಲ. ಕೆಲವು ಮಕ್ಕಳನ್ನು ಕರೆದೊಯ್ದು ಊರು ತೋರಿಸಿ, ಒಂದೆರಡು ರೇಸ್ ಓಡಿಸಿ, ಎಲ್ಲರ ಕೊರಳಿಗೂ ಪದಕ ಹಾಕಿ ಸುರಕ್ಷಿತವಾಗಿ ಮನೆಗೆ ಕಳಿಸುತ್ತವೆ. ಪ್ರವಾಸವೆಂದು ತಿಳಿದು ಹೋಗುವುದಾದರೆ ಅಡ್ಡಿಯಿಲ್ಲ. ಆದರೆ ಕ್ರೀಡಾ ಕೋಟಾ, ಸರ್ಕಾರದ ನಗದು ಪುರಸ್ಕಾರ ಮೊದಲಾದವುಗಳಿಗೆ ಆ ಪ್ರಮಾಣಪತ್ರ ಒದಗುತ್ತದೆ ಎಂಬ ಮಾತನ್ನು ನಂಬುವ ಮೊದಲು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಎಷ್ಟು ದೇಶಗಳು ಬರುತ್ತವೆ, ಕಳೆದ ಸಲದ ಫಲಿತಾಂಶ ಪಟ್ಟಿಯಲ್ಲಿ ಸಮಯಗಳು ದಾಖಲಾಗಿವೆಯೇ, ಟ್ರ್ಯಾಕಿನ ಉದ್ದ ಎಷ್ಟು, ಹಣಕ್ಕೆ ರಸೀದಿ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ಕೇಳಿದಾಗ ಎದುರಿನವರು ತಡವರಿಸಿದರೆ ಉತ್ತರ ಸಿಕ್ಕಿದಂತೆಯೇ.

ಇನ್ನೊಂದು ಮಾತು. ನಿಮ್ಮ ಮಗ ಪದಕ ಗೆದ್ದಿದ್ದು ಕ್ವಾಡ್ ಸ್ಕೇಟಿನಲ್ಲೋ ಇನ್‌ಲೈನಿನಲ್ಲೋ ಎಂದು ಪತ್ರದಲ್ಲಿ ಬರೆದಿಲ್ಲ. ನಮ್ಮಲ್ಲಿ ಕ್ವಾಡ್‌ಗೆ, ಅಂದರೆ ಮುಂದೆ ಎರಡು ಹಿಂದೆ ಎರಡು ಚಕ್ರದ ಸ್ಕೇಟಿಗೆ, ಪ್ರತ್ಯೇಕ ಸ್ಪರ್ಧೆಗಳಿವೆ; ವಿಶ್ವ ಚಾಂಪಿಯನ್‌ಷಿಪ್‌ನ ಸ್ಪೀಡ್ ರೇಸ್‌ಗಳು ಇನ್‌ಲೈನಿನವು. ಮುಂದೆ ಹೊರಗೆ ಓಡುವ ಆಸೆಯಿದ್ದರೆ ಆ ಪ್ರವಾಸದ ಹಣವನ್ನು ಕಾಲಿಗೆ ಸರಿಯಾಗಿ ಕೂರುವ ಸ್ಪೀಡ್ ಬೂಟಿಗೂ, ‘ಬ್ಯಾಂಕ್’ ಇರುವ, ಅಂದರೆ ತಿರುವಿನಲ್ಲಿ ಹೊರ ಅಂಚು ಎತ್ತರಿಸಿದ ಟ್ರ್ಯಾಕಿನಲ್ಲಿ ನಡೆಯುವ ಒಂದು ತರಬೇತಿ ಶಿಬಿರಕ್ಕೂ ಖರ್ಚು ಮಾಡುವುದೇ ಲೇಸು. ಬೆಳೆಯುವ ಕಾಲಿಗೆಂದು ಎರಡು ಅಳತೆ ದೊಡ್ಡ ಬೂಟು ಮಾತ್ರ ಕೊಳ್ಳಬೇಡಿ. ಹಿಮ್ಮಡಿ ಒಳಗೆ ಅಲುಗಾಡಿದರೆ ತಳ್ಳುವ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಪ್ರಶ್ನೆ: ನಾನು ದ್ವಿತೀಯ ಪಿಯು ವಿದ್ಯಾರ್ಥಿ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಇನ್‌ಲೈನ್ ವಿಭಾಗದಲ್ಲಿ ಓಡಿದ್ದೇನೆ. ಯುರೋಪಿನ ಮುಕ್ತ ಸ್ಪರ್ಧೆಯೊಂದಕ್ಕೆ ಹೋಗುವ ಆಲೋಚನೆಯಿದೆ. ಅಲ್ಲಿಗೂ ಇಲ್ಲಿಗೂ ನಿಜವಾದ ವ್ಯತ್ಯಾಸ ಏನು?
— ಒಬ್ಬ ಸ್ಕೇಟರ್, ಶಿವಮೊಗ್ಗ

ಉತ್ತರ: ಮೊದಲನೆಯದು ನೆಲ. ಅಂತಾರಾಷ್ಟ್ರೀಯ ಟ್ರ್ಯಾಕಿನ ಸುತ್ತಳತೆ 200 ಮೀಟರ್. ತಿರುವುಗಳಲ್ಲಿ ಹೊರ ಅಂಚು ಮೇಲೆದ್ದಿರುತ್ತದೆ. ಮೇಲ್ಮೈಗೆ ಚಕ್ರ ಹಿಡಿದುಕೊಳ್ಳುವಂಥ ಲೇಪನ ಇರುತ್ತದೆ. ಸಮತಟ್ಟಾದ ಸಿಮೆಂಟಿನ ರಿಂಕಿನಲ್ಲಿ ತಿರುವು ಬಂದಾಗ ನಾವು ಜಾರುವ ಭಯದಿಂದ ತುಸು ವೇಗ ಬಿಟ್ಟುಕೊಟ್ಟು ಕ್ರಾಸ್‌ಓವರ್ (ಒಂದು ಕಾಲನ್ನು ಇನ್ನೊಂದರ ಮೇಲಿಂದ ದಾಟಿಸಿ ಇಡುವ ಹೆಜ್ಜೆ) ಹಾಕುತ್ತೇವೆ. ಬ್ಯಾಂಕಿನಲ್ಲಿ ಹಾಗೆ ಬಿಟ್ಟುಕೊಟ್ಟವರು ಹಿಂದೆ ಉಳಿಯುತ್ತಾರೆ, ಏಕೆಂದರೆ ಅಲ್ಲಿ ವೇಗ ಗಳಿಸುವ ಜಾಗವೇ ತಿರುವು. ಅದರ ಜೊತೆಗೆ ದೇಹದ ಭಾರ ನೆಲಕ್ಕೆ ಒತ್ತುವುದರಿಂದ ತೊಡೆಗಳು ಬೇಗ ಸೋಲುತ್ತವೆ. ಭಾರತದಲ್ಲೂ ಬ್ಯಾಂಕ್ ಟ್ರ್ಯಾಕ್‌ಗಳಿವೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲು ಅಂಥದ್ದೊಂದರಲ್ಲಿ ಕೆಲವು ವಾರ ಅಭ್ಯಾಸ ಮಾಡದೆ ಹೊರಡುವುದು ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಎರಡನೆಯದು, ಮತ್ತು ಹೆಚ್ಚು ಮುಖ್ಯವಾದದ್ದು, ಗುಂಪು. ಜಿಲ್ಲಾ ಕೂಟಗಳಲ್ಲಿ ಬಲವಾದವನು ಮೊದಲ ಸುತ್ತಿನಲ್ಲೇ ಮುಂದೆ ಹೋಗಿ ಕೊನೆಯವರೆಗೂ ಒಬ್ಬನೇ ಓಡಿ ಗೆಲ್ಲುತ್ತಾನೆ. ಬೆಲ್ಜಿಯಂ, ಜರ್ಮನಿ, ಫ್ರಾನ್ಸಿನ ಸ್ಪರ್ಧೆಗಳಲ್ಲಿ ಹಾಗೆ ಮುಂದೆ ಹೋದವನ ಬೆನ್ನ ಹಿಂದೆ ಇಡೀ ಸಾಲು ಗಾಳಿಯ ಮರೆಯಲ್ಲಿ ನೆಮ್ಮದಿಯಾಗಿ ಬಂದು, ಕೊನೆಯ ಎರಡು ಸುತ್ತು ಇರುವಾಗ ಅವನನ್ನು ನುಂಗಿಹಾಕುತ್ತದೆ. 10,000 ಮೀಟರ್ ಎಲಿಮಿನೇಷನ್ ರೇಸಿನಲ್ಲಿ ಗೊತ್ತುಪಡಿಸಿದ ಸುತ್ತುಗಳಲ್ಲಿ ಕೊನೆಗೆ ಗೆರೆ ದಾಟಿದವರನ್ನು ಹೊರಗೆ ಕಳಿಸುತ್ತಾರೆ. ಆದ್ದರಿಂದ ಸಾಲಿನ ಬಾಲದಲ್ಲಿ ನಿಲ್ಲುವುದೂ ಅಪಾಯ, ತಲೆಯಲ್ಲಿ ಉಳಿಯುವುದೂ ಅಪಾಯ. ಪಾಯಿಂಟ್ಸ್ ರೇಸಿನಲ್ಲಿ ಗಂಟೆ ಬಾರಿಸಿದ ಸುತ್ತಿನಲ್ಲಿ ಮೊದಲಿಗನಿಗೆ 2, ಎರಡನೆಯವನಿಗೆ 1, ಕೊನೆಯ ಸುತ್ತಿನಲ್ಲಿ 3, 2, 1 ಅಂಕಗಳು. ಇಲ್ಲಿ ಯಾವ ಗಂಟೆಗೆ ಎದ್ದು ಹೋಗಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ ಕಾಲಿಗಿಂತ ಮೊದಲು ತಲೆಗೆ ಬರಬೇಕು. ಮುಂದಿನವನ ಚಕ್ರದಿಂದ ಗೇಣು ದೂರದಲ್ಲಿ, ಮೊಣಕೈಗೆ ಮೊಣಕೈ ತಾಗುವಂತೆ, ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುವುದು ಒಬ್ಬನೇ ಅಭ್ಯಾಸ ಮಾಡಿದರೆ ಎಂದೂ ಬಾರದು. ನಿಮ್ಮ ಕ್ಲಬ್ಬಿನ ನಾಲ್ಕೈದು ಮಂದಿ ದಿನವೂ ಒಂದೇ ಸಾಲಿನಲ್ಲಿ ಓಡಿ, ಮುಂದಾಳು ಸುತ್ತಿಗೊಮ್ಮೆ ಪಕ್ಕಕ್ಕೆ ಸರಿದು ಹಿಂದಕ್ಕೆ ಬರುವ ರೂಢಿ ಮಾಡಿಕೊಂಡರೆ ಅರ್ಧ ತಯಾರಿ ಊರಿನಲ್ಲೇ ಮುಗಿಯುತ್ತದೆ.

ಗೆರೆ ಮುಟ್ಟುವವರೆಗೆ ರೇಸ್ ಮುಗಿಯುವುದಿಲ್ಲ ಎಂಬುದಕ್ಕೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ 3,000 ಮೀಟರ್ ರಿಲೇಯನ್ನು ನೋಡಬೇಕು. 2023ರ ಅಕ್ಟೋಬರ್ 2ರಂದು ನಡೆದ ಆ ಓಟದಲ್ಲಿ ಮುಂದಿದ್ದ ದಕ್ಷಿಣ ಕೊರಿಯಾದ ಸ್ಕೇಟರ್ ಗೆದ್ದೆನೆಂದು ಕೈ ಎತ್ತಿದ. ಹಿಂದಿದ್ದ ತೈವಾನಿನ ಆಟಗಾರ ಎಡಗಾಲನ್ನು ಚಾಚಿ 0.01 ಸೆಕೆಂಡಿನ ಅಂತರದಲ್ಲಿ ಚಿನ್ನ ಒಯ್ದ. ಅದೇ ಓಟದಲ್ಲಿ ಭಾರತದ ಪುರುಷರಿಗೂ, ಅದೇ ದಿನ ಮಹಿಳೆಯರ ರಿಲೇ ತಂಡಕ್ಕೂ ಕಂಚು ಬಂತು. ಕಾಲು ಚಾಚುವ ಅಭ್ಯಾಸವನ್ನು ಪ್ರತಿ ಸ್ಪ್ರಿಂಟಿನ ಕೊನೆಗೂ ಮಾಡಿ, ಸುಸ್ತಾಗಿದ್ದಾಗಲೂ ಬಿಡಬೇಡಿ.

ಇದೆಲ್ಲ ನಮ್ಮವರಿಗೆ ಎಟುಕದ ಮಾತೇನಲ್ಲ. ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ 2021ರಲ್ಲಿ ಕೊಲಂಬಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಜೂನಿಯರ್ ಎಲಿಮಿನೇಷನ್ ರೇಸಿನಲ್ಲಿ ಬೆಳ್ಳಿ ಗೆದ್ದರು. 2025ರಲ್ಲಿ ಚೀನಾದ ಬೈದೈಹೆಯಲ್ಲಿ ಸೀನಿಯರ್ ವಿಭಾಗದ 1,000 ಮೀಟರ್ ಸ್ಪ್ರಿಂಟಿನಲ್ಲಿ ವಿಶ್ವ ಚಾಂಪಿಯನ್ ಆದರು, ಅದೇ ಕೂಟದಲ್ಲಿ 42 ಕಿಲೋಮೀಟರ್ ಮ್ಯಾರಥಾನನ್ನೂ ಗೆದ್ದರು. ಜೂನಿಯರ್ ಬೆಳ್ಳಿಗೂ ಸೀನಿಯರ್ ಚಿನ್ನಕ್ಕೂ ನಡುವೆ ನಾಲ್ಕು ವರ್ಷ ಕಳೆದಿವೆ ಎಂಬುದನ್ನು ಗಮನಿಸಿ.

ಯಾವ ಸ್ಪರ್ಧೆ ಎಂದು ಕೇಳಿದರೆ, ಜರ್ಮನಿಯ ಗೈಸಿಂಗನ್‌ನ ಒಳಾಂಗಣ ಟ್ರ್ಯಾಕಿನಲ್ಲಿ ಪ್ರತಿವರ್ಷ ನಡೆಯುವ ಕೂಟವೂ ಫ್ರಾನ್ಸಿನ ‘ತ್ರ್ವಾ ಪಿಸ್ತ್’ ಸರಣಿಯೂ ಕಲಿಯುವವರಿಗೆ ಒಳ್ಳೆಯವು. ಒಂದೇ ಪ್ರವಾಸದಲ್ಲಿ ಹಲವು ರೇಸ್ ಓಡಲು ಸಿಗುತ್ತದೆ. ಕ್ಲಬ್ ಮೂಲಕ ಹೆಸರು ನೋಂದಾಯಿಸಿ, ಫೆಡರೇಷನ್ನಿನಿಂದ ನಿರಾಕ್ಷೇಪಣಾ ಪತ್ರ ಬೇಕೇ ಎಂದು ಆಯೋಜಕರನ್ನೂ ಫೆಡರೇಷನ್ನನ್ನೂ ಮೊದಲೇ ಕೇಳಿಕೊಳ್ಳಿ. ಮೊದಲ ಸಲ ಫೈನಲ್ ತಲುಪದಿದ್ದರೆ ಬೇಸರಪಡಬೇಡಿ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಯುರೋಪಿನ ಸ್ಪರ್ಧೆಗಳು ಬೇಸಿಗೆಯವು ಎನ್ನುತ್ತಾರೆ. ಮಕ್ಕಳನ್ನು ಹೇಗೆ ಸಿದ್ಧಪಡಿಸುವುದು?
— ದೈಹಿಕ ಶಿಕ್ಷಣ ಶಿಕ್ಷಕರು, ಸಾಗರ

ಉತ್ತರ: ಪಾಚಿ ಕಟ್ಟಿದ ನೆಲದಲ್ಲಿ ಸ್ಕೇಟ್ ಹಾಕಿಸಬೇಡಿ. ಮಳೆಗಾಲವನ್ನು ಕಾಲಿನ ಬಲಕ್ಕೆ ಮೀಸಲಿಡಿ: ಮೊಣಕಾಲು ಬಾಗಿಸಿ ಕೆಳಗೆ ಕುಳಿತ ಭಂಗಿಯಲ್ಲೇ ಪಕ್ಕಕ್ಕೆ ಜಿಗಿಯುವುದು, ಒಂಟಿಕಾಲಿನ ಸ್ಕ್ವಾಟ್, ನುಣುಪು ಹಲಗೆಯ ಮೇಲೆ ಬಟ್ಟೆಯ ಕಾಲ್ಚೀಲ ಹಾಕಿಕೊಂಡು ಎಡಬಲಕ್ಕೆ ಜಾರುವ ಸ್ಲೈಡ್ ಬೋರ್ಡ್. ಇದನ್ನು ಶಾಲೆಯ ವರಾಂಡದಲ್ಲೇ ಮಾಡಿಸಬಹುದು. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಕ್ಕೆ ಚಪ್ಪರವಿದ್ದು ನೆಲ ಒಣಗಿದ್ದರೆ ಸಣ್ಣ ಮಕ್ಕಳಿಗೆ ಕ್ರಾಸ್‌ಓವರ್ ಕಲಿಸಲು ಅದೂ ಸಾಕು, ಮನೆಯ ಹಿರಿಯರು ಒಪ್ಪಬೇಕಷ್ಟೆ. ಆಗುಂಬೆ, ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ ‘ರೋಡ್ ಪ್ರಾಕ್ಟೀಸ್’ ಮಾಡಿಸುವ ಹುಚ್ಚು ಬೇಡ. ಸ್ಪೀಡ್ ಸ್ಕೇಟಿಗೆ ಬ್ರೇಕೇ ಇರುವುದಿಲ್ಲ.

ಹಾಗೆಂದು ಒದ್ದೆ ನೆಲ ಪೂರ್ತಿ ಅಪರಿಚಿತವಾಗಿಯೂ ಇರಬಾರದು, ಏಕೆಂದರೆ ಹೊರಗೂ ರೋಡ್ ರೇಸ್‌ಗಳ ದಿನ ಮಳೆ ಬರುತ್ತದೆ. ಅದಕ್ಕೆಂದೇ ಹೆಚ್ಚು ಹಿಡಿತದ ರೇನ್ ವೀಲ್‌ಗಳು ಸಿಗುತ್ತವೆ. ಒದ್ದೆಯಲ್ಲಿ ಓಡಿದ ದಿನವೇ ಬೇರಿಂಗ್ ಬಿಚ್ಚಬೇಕು. ಪ್ರತಿ ಚಕ್ರಕ್ಕೆ ಎರಡರಂತೆ, ನಾಲ್ಕು ಚಕ್ರದ ಜೋಡಿಗೆ 16 ಬೇರಿಂಗ್ ಆಗುತ್ತವೆ: ಪಿನ್ನಿನಿಂದ ಮುಚ್ಚಳ ಎಬ್ಬಿಸಿ, ಸೀಮೆಎಣ್ಣೆಯಲ್ಲಿ ಅಲುಗಾಡಿಸಿ ಕೆಸರು ತೊಳೆದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ, ಒಂದೊಂದಕ್ಕೆ ಒಂದೆರಡು ಹನಿ ತೆಳು ಎಣ್ಣೆ ಬಿಟ್ಟು, ಬೆರಳಿನಲ್ಲಿ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ಕರಕರ ಸದ್ದು ಉಳಿದಿದ್ದರೆ ಮತ್ತೆ ತೊಳೆಯಬೇಕು. ರಾತ್ರಿ ಹಾಗೆಯೇ ಬಿಟ್ಟರೆ ನಮ್ಮ ಹವೆಯಲ್ಲಿ ಬೆಳಗಾಗುವುದರೊಳಗೆ ತುಕ್ಕು ಹಿಡಿದಿರುತ್ತದೆ.

ಪ್ರಶ್ನೆ: ಇದು ಒಲಿಂಪಿಕ್ಸ್‌ನಲ್ಲಿ ಇದೆಯೇ?
— ಓದುಗರೊಬ್ಬರು, ಸೊರಬ

ಉತ್ತರ: ಇಲ್ಲ. 2018ರ ಬ್ಯೂನಸ್ ಐರಿಸ್ ಯೂತ್ ಒಲಿಂಪಿಕ್ಸ್‌ನಲ್ಲಿ ಒಮ್ಮೆ ಇತ್ತು. ಒಲಿಂಪಿಕ್ ಪದಕದ ಆಸೆಗೆ ಮಂಜುಗಡ್ಡೆಯ ಸ್ಕೇಟಿಂಗಿಗೆ ದಾಟಿದವರೂ ಇದ್ದಾರೆ. ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ 2022ರಲ್ಲಿ ಬೀಜಿಂಗ್‌ನಲ್ಲಿ, ಎಲ್ಲರೂ ಒಟ್ಟಿಗೆ ಹೊರಡುವ ‘ಮಾಸ್ ಸ್ಟಾರ್ಟ್’ ಓಟದ ಚಿನ್ನ ಗೆದ್ದರು.

ಪ್ರಶ್ನೆ: ನನಗೆ 38 ವರ್ಷ. ಆರೋಗ್ಯಕ್ಕೆಂದು ಸ್ಕೇಟಿಂಗ್ ಕಲಿತೆ. ನನ್ನಂಥವರಿಗೆ ಹೊರದೇಶದಲ್ಲಿ ಸ್ಪರ್ಧೆ ಇದೆಯೇ?
— ಭದ್ರಾವತಿ

ಉತ್ತರ: ಖಂಡಿತ ಇದೆ, ಮತ್ತು ಈ ಅಂಕಣದ ಪ್ರಶ್ನೆಗಳಲ್ಲಿ ಅತ್ಯಂತ ಸುಲಭವಾದದ್ದು ನಿಮ್ಮದು. ಬರ್ಲಿನ್ ಮ್ಯಾರಥಾನಿನ ಓಟಗಾರರು ಭಾನುವಾರ ಓಡುವ ದಾರಿಯಲ್ಲೇ ಹಿಂದಿನ ದಿನ ಶನಿವಾರ ಇನ್‌ಲೈನ್ ಸ್ಕೇಟರ್‌ಗಳ ಮ್ಯಾರಥಾನ್ ನಡೆದುಕೊಂಡು ಬಂದಿದೆ. ಯಾವ ದೇಶದ ತಂಡದ ಆಯ್ಕೆಯೂ ಬೇಕಿಲ್ಲ. ಶುಲ್ಕ ಕಟ್ಟಿ ಹೆಸರು ಬರೆಸಿದರಾಯಿತು. ಹಿಂದಿನ ಸಾಧನೆಯ ಸಮಯ ನೋಡಿ ಆರಂಭದ ಗುಂಪು ಕೊಡುತ್ತಾರೆ. ಅಲ್ಲಿ ನಿಜ ಹೇಳಿ, ವೇಗದವರ ನಡುವೆ ಸಿಕ್ಕಿಕೊಂಡರೆ ನಿಮಗೂ ಅವರಿಗೂ ಕಷ್ಟ. 42 ಕಿಲೋಮೀಟರ್ ನಿಲ್ಲದೆ ಓಡುವ ಮೊದಲು ಜನರ ನಡುವೆ ನಿಲ್ಲುವುದನ್ನು ಕಲಿತಿರಬೇಕು.

ಪ್ರಶ್ನೆ: ಮಗಳು ಅಪ್ರಾಪ್ತೆ. ಕೋಚ್ ಜೊತೆ ಯುರೋಪಿಗೆ ಕಳಿಸಬೇಕು. ಕಾಗದಪತ್ರಗಳ ತಯಾರಿ ಯಾವಾಗ ಶುರು ಮಾಡಬೇಕು?
— ಒಬ್ಬ ತಂದೆ, ಕೊಪ್ಪ

ಉತ್ತರ: ಸ್ಪರ್ಧೆಯ ದಿನಾಂಕ ಪ್ರಕಟವಾದ ದಿನವೇ ಪಾಸ್‌ಪೋರ್ಟ್ ತೆಗೆದು ನೋಡಿ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಷ್ಟೇ ಚಾಲ್ತಿ. ಷೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ವೀಸಾಕ್ಕೆ, ಅಲ್ಲಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನವಾಗಬೇಕಾದರೂ 45 ದಿನದವರೆಗೆ ಎಳೆಯಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ, ಆದರೆ ಕ್ರೀಡಾ ಸ್ಪರ್ಧೆಯಲ್ಲಿ ಆಗುವ ಗಾಯಕ್ಕೆ ಆ ವಿಮೆ ಅನ್ವಯಿಸುತ್ತದೆಯೇ ಎಂದು ಷರತ್ತುಗಳನ್ನು ಓದಿಯೇ ಕೊಳ್ಳಿ. ಅನೇಕ ಅಗ್ಗದ ಪಾಲಿಸಿಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ತಂದೆತಾಯಿ ಇಬ್ಬರ ಸಹಿಯ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ, ಆಯೋಜಕರ ಆಹ್ವಾನ ಪತ್ರ ಜೊತೆಗಿರಲಿ. ತಂಡದಲ್ಲಿ ಹುಡುಗಿಯರಿದ್ದಾಗ ಒಬ್ಬ ಮಹಿಳೆ ಜವಾಬ್ದಾರಿ ಹೊತ್ತು ಜೊತೆಗೆ ಹೋಗುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಹೆಲ್ಮೆಟ್ಟು, ಬೂಟುಗಳನ್ನು ವಿಮಾನ ಸಂಸ್ಥೆ ಒಪ್ಪಿದರೆ ಕೈಚೀಲದಲ್ಲೇ ಒಯ್ಯಲಿ, ಅಲನ್ ಕೀ ಮುಂತಾದ ಉಪಕರಣಗಳು ಲಗೇಜಿಗೆ ಹೋಗಲಿ. ಚಕ್ರ ಎಲ್ಲಾದರೂ ಕೊಳ್ಳಬಹುದು, ಕಾಲಿಗೆ ಒಗ್ಗಿದ ಬೂಟು ಕಳೆದುಹೋದರೆ ಸ್ಪರ್ಧೆಯೇ ಕಳೆದಂತೆ.

ಪ್ರಶ್ನೆ: ಮಗನಿಗೆ ಮಳೆಗಾಲದಲ್ಲಿ ಕೆಮ್ಮು, ಉಬ್ಬಸ. ಹೊರದೇಶದಲ್ಲಿ ಡೋಪಿಂಗ್ ಪರೀಕ್ಷೆ ಇರುತ್ತದಂತೆ. ಮನೆಯಲ್ಲಿ ಕೊಡುವ ಔಷಧಿಯಿಂದ ತೊಂದರೆಯೇ?
— ಹೊಸನಗರ

ಉತ್ತರ: ಆಗಬಹುದು. ನಮ್ಮ ಅಂಗಡಿಗಳಲ್ಲಿ ಸಿಗುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲೈನ್ ಇರುತ್ತದೆ. ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ಬಾಟಲಿಯ ಮುಂಭಾಗದ ಹೆಸರು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ಉಬ್ಬಸಕ್ಕೆ ಸಾಲ್ಬುಟಮಾಲ್ ಇನ್‌ಹೇಲರ್ ಬಳಸಬಹುದು, ಆದರೆ 24 ಗಂಟೆಯಲ್ಲಿ 1,600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೈಕ್ರೋಗ್ರಾಂ ಮೀರಬಾರದು. ಅದೇ ಔಷಧಿಯ ಮಾತ್ರೆ ಅಥವಾ ಸಿರಪ್‌ಗೆ ಈ ವಿನಾಯಿತಿ ಇಲ್ಲ. ಪ್ರೆಡ್ನಿಸೋಲೋನ್ ಮಾತ್ರೆಗಳು ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಹಾಗೆಂದು ಮಗುವಿಗೆ ಬೇಕಾದ ಚಿಕಿತ್ಸೆಯನ್ನು ಸ್ಪರ್ಧೆಗೋಸ್ಕರ ನಿಲ್ಲಿಸಬಾರದು. ಅಂಥ ಔಷಧಿ ಅನಿವಾರ್ಯವೆಂದು ವೈದ್ಯರು ಹೇಳಿದರೆ ಚಿಕಿತ್ಸಾ ವಿನಾಯಿತಿಗೆ ಮೊದಲೇ ಅರ್ಜಿ ಸಲ್ಲಿಸುವ ವ್ಯವಸ್ಥೆಯಿದೆ. ವೈದ್ಯರ ಚೀಟಿ, ಪರೀಕ್ಷಾ ವರದಿಗಳನ್ನು ಜೋಪಾನ ಮಾಡಿ, ಫೆಡರೇಷನ್ ಮೂಲಕ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕವನ್ನು ಸಂಪರ್ಕಿಸಿ. ಪರಿಚಿತರು ಕೊಡುವ ‘ಶಕ್ತಿಯ ಪುಡಿ’, ಒಳಗೇನಿದೆ ಎಂದು ಬರೆಯದ ಲೇಹ್ಯಗಳನ್ನು ಸ್ಪರ್ಧೆಗೆ ತಿಂಗಳುಗಳ ಮೊದಲೇ ನಿಲ್ಲಿಸಿ. ಶುಂಠಿ ಕಷಾಯ, ಜೀರಿಗೆ ಕಷಾಯಕ್ಕೆ ಯಾರ ಅಭ್ಯಂತರವೂ ಇಲ್ಲ.