ಜಾಗ ಗೊತ್ತುಮಾಡುವ ಮೊದಲು ನೆಲ ನೋಡೋಣ, ಮೇಷ್ಟ್ರೇ

(ಸಕಲೇಶಪುರ ತಾಲ್ಲೂಕಿನ ಕಾಡಂಚಿನ ಊರೊಂದರಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ. ಅವರ ಊರಿನ ಮೇಲಿನ ಮೀಸಲು ಅರಣ್ಯದಲ್ಲಿ ಶಾಲಾ ಮಕ್ಕಳಿಗಾಗಿ ಪ್ರಕೃತಿ ಶಿಬಿರ ಕಟ್ಟುವ ಪ್ರಸ್ತಾವವಿದೆ. ಮಕ್ಕಳು ಮಲಗುವ ಕಟ್ಟಡ, ನೀರಿನ ಟ್ಯಾಂಕು, ವೀಕ್ಷಣಾ ಗೋಪುರ, ಇಷ್ಟು ಅದರಲ್ಲಿ ಸೇರಿವೆ. ಮೊದಲು ಭೂಕಂಪದ ಅಪಾಯವನ್ನು ಪರಿಶೀಲಿಸಿ ಎಂದು ಗ್ರಾಮಸಭೆಯಲ್ಲಿ ಕೆಲವರು ಕೇಳಿದ್ದನ್ನು ನಾವು ಹಿಂದಿನ ಸಂಚಿಕೆಯಲ್ಲಿ ಬೆಂಬಲಿಸಿದ್ದೆವು. “ನಮ್ಮದು ಭೂಕಂಪ ನಕ್ಷೆಯಲ್ಲಿ ಕಡಿಮೆ ಅಪಾಯದ ಎರಡನೇ ವಲಯ, ಕಲ್ಲಿನಂಥ ನೆಲ. ನನ್ನ ಅಜ್ಜನ ಕಾಲದಿಂದ ಒಂದು ಗೋಡೆಯೂ ಬಿದ್ದಿಲ್ಲ. ಇದು ಕೆಲಸ ನಿಲ್ಲಿಸಲು ಹುಡುಕಿದ ನೆಪವಲ್ಲವೇ?” ಎಂಬುದು ಅವರ ಪ್ರಶ್ನೆ. – ಸಂ.)

ಮಾನ್ಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಊರಿನ ಹುಡುಗರಿಗೆ ಊರಿನಲ್ಲೇ ಕೆಲಸ ಸಿಗಲಿ ಎಂಬ ನಿಮ್ಮ ಆಸೆ ನ್ಯಾಯವಾದದ್ದು. ಕಡತಗಳು ವರ್ಷಗಟ್ಟಲೆ ಕೊಳೆಯುತ್ತವೆ ಎಂಬ ದೂರಿನಲ್ಲೂ ಸುಳ್ಳಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನೀವೇ ‘ನೆಲ ನೋಡಿ’ ಎಂದವರನ್ನು ‘ನೆಪ ಹುಡುಕುವವರು’ ಎಂದು ಕರೆದದ್ದು ನನಗೆ ನೋವು ತಂದಿತು.

ಕಲ್ಲಿನ ಮಾತು ನಿಜ. ಹೇಮಾವತಿ ದಂಡೆಯ ಗೊರೂರಿನ ಸುತ್ತಲಿನ ನೈಸ್ ಎಂಬ ಗಟ್ಟಿ ಶಿಲೆಗೆ ಮುನ್ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸಾಗಿದೆ. ಆದರೆ ನಿಮ್ಮ ಶಿಬಿರದ ಪಿಲ್ಲರುಗಳು ಆ ಶಿಲೆಯ ಮೇಲೆ ನಿಲ್ಲುವುದಿಲ್ಲವಲ್ಲ! ಮೂಡಿಗೆರೆ ಕಡೆಯ ಇಳಿಜಾರಿನಲ್ಲಿ ಮನೆಯೊಂದರ ಅಡಿಪಾಯಕ್ಕೆ ಗುಂಡಿ ತೋಡುವಾಗ ನಾನು ಒಮ್ಮೆ ಅಂಚಿನಲ್ಲಿ ನಿಂತು ನೋಡಿದ್ದೇನೆ. ಮೇಲೆ ಒಂದು ಮೊಳ ಕಪ್ಪು ಮಣ್ಣು, ಅದರ ಕೆಳಗೆ ಆಳೆತ್ತರ ಕೆಂಪು ಮಣ್ಣು, ಅದಕ್ಕೂ ಕೆಳಗೆ ಬಿಳಿ ಮತ್ತು ನಸುಗೆಂಪು ಬೆರೆತ ಶೇಡಿ ಮಣ್ಣು ಬಂತು. ಮೇಸ್ತ್ರಿ ಅದರ ಒಂದು ಹೆಂಟೆಯನ್ನು ನನ್ನ ಕೈಗಿತ್ತರು. ಒಣಗಿದ್ದಾಗ ಸೀಮೆಸುಣ್ಣದಂತಿದ್ದ ಆ ಹೆಂಟೆ ಎರಡು ಚೊಂಬು ನೀರು ಬಿದ್ದೊಡನೆ ಬೆರಳ ಸಂದಿಯಲ್ಲಿ ಬೆಣ್ಣೆಯಂತೆ ಜಾರಿತು. ಹದಿನೈದು ಅಡಿ ಇಳಿದರೂ ಬಂಡೆ ಸಿಗಲಿಲ್ಲ. ನಮ್ಮ ಮಲೆನಾಡಿನ ಎಷ್ಟೋ ಗುಡ್ಡಗಳ ಒಳಗು ಹೀಗೇ ಇದೆ. ಭೂಮಿ ನಡುಗಿದಾಗ ಇಂಥ ಮೆತ್ತನೆಯ ಪದರ ಆ ನಡುಕವನ್ನು ಹಿಗ್ಗಿಸುತ್ತದೆ. 1985ರಲ್ಲಿ ಮೆಕ್ಸಿಕೋ ನಗರ ನೆಲಕಚ್ಚಿದ್ದು ಸುಮಾರು 350 ಕಿಲೋಮೀಟರ್ ಆಚೆ ಹುಟ್ಟಿದ ಭೂಕಂಪದಿಂದ. ಆ ನಗರದ ಅಡಿಯಲ್ಲಿದ್ದದ್ದು ಬತ್ತಿದ ಕೆರೆಯ ಜೇಡಿ.

ಇನ್ನು ವಲಯದ ವಿಚಾರ. 2002ರಲ್ಲಿ ಪರಿಷ್ಕರಿಸಿದ ದೇಶದ ಭೂಕಂಪ ನಕ್ಷೆಯಲ್ಲಿ ಹಾಸನ, ಚಿಕ್ಕಮಗಳೂರುಗಳು ಎರಡನೇ ವಲಯದಲ್ಲಿವೆ, ಅಪಾಯ ಹಿಮಾಲಯದ ತಪ್ಪಲಿಗಿಂತ ಬಹಳ ಕಡಿಮೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ನಕ್ಷೆ ಬರೆದವರೇ ಅದನ್ನು ಅಭಯಪತ್ರವೆಂದು ಕೊಟ್ಟಿಲ್ಲ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಇದೇ ಪಶ್ಚಿಮ ಘಟ್ಟದ, ಮಹಾರಾಷ್ಟ್ರದ ಕೊಯ್ನಾ ನಡುಗಿ ಸುಮಾರು 180 ಮಂದಿ ಸಾಯುವವರೆಗೆ, ದಕ್ಷಿಣದ ಪ್ರಸ್ಥಭೂಮಿ ಅಲುಗದ ನೆಲವೆಂದೇ ಹೆಚ್ಚಿನವರು ನಂಬಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಕಿಲ್ಲಾರಿ ಕುಸಿದಾಗ ಆ ಊರು ನಕ್ಷೆಯ ಅತಿ ಸುರಕ್ಷಿತವಾದ ಒಂದನೇ ವಲಯದಲ್ಲಿತ್ತು. ಸತ್ತವರು ಹತ್ತಿರಹತ್ತಿರ 10,000. ಮಣ್ಣಿನ ಗಾರೆಯಲ್ಲಿ ಗುಂಡುಕಲ್ಲು ಕೂರಿಸಿ ಕಟ್ಟಿದ ದಪ್ಪ ಗೋಡೆಗಳು ಮತ್ತು ಭಾರವಾದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಬಿದ್ದವು. ಆ ಗೋಡೆಗಳೂ ಅಜ್ಜನ ಕಾಲದಿಂದ ಬಿದ್ದಿರಲಿಲ್ಲ, ಮೇಷ್ಟ್ರೇ. 2002ರಲ್ಲಿ ನಕ್ಷೆ ಪರಿಷ್ಕರಿಸಿದವರು ಒಂದನೇ ವಲಯವನ್ನೇ ತೆಗೆದುಹಾಕಿದರು.

ನಮ್ಮ ಜಿಲ್ಲೆಯಲ್ಲಿ ಏನೂ ಆಗಿಲ್ಲ ಎನ್ನುತ್ತೀರಿ. 2022ರ ಜೂನ್ ತಿಂಗಳಿನಲ್ಲಿ ಹೊಳೆನರಸೀಪುರ, ಅರಕಲಗೂಡು ಭಾಗದಲ್ಲಿ 3.4ರ ತೀವ್ರತೆಯ ಭೂಕಂಪವಾದ ನಸುಕಿನಲ್ಲಿ ನಾನು ಅರಕಲಗೂಡು ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಡುಗೆಮನೆಯ ನಾಗಂದಿಗೆಯ ಮೇಲೆ ಸಾಲಾಗಿ ಇಟ್ಟಿದ್ದ ಹಿತ್ತಾಳೆ ಚೊಂಬುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಹೆಂಚಿನ ಸಂದಿಯಿಂದ ಹೊದಿಕೆಯ ಮೇಲೆ ಮಸಿ ಉದುರಿತು. ಚಿಕ್ಕಮ್ಮ ಲಾರಿ ಹೋಯಿತೆಂದುಕೊಂಡು ಮಗ್ಗುಲು ಬದಲಿಸಿದರು. ಅಂದು ಯಾರ ಮನೆಗೂ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಆದರೆ 3.4 ಮತ್ತು 5.4ರ ನಡುವೆ ಬಿಡುಗಡೆಯಾಗುವ ಶಕ್ತಿಯ ವ್ಯತ್ಯಾಸ ಸುಮಾರು ಸಾವಿರ ಪಟ್ಟು.

ಕಟ್ಟಡವನ್ನು ಗಟ್ಟಿಯಾಗಿ ಕಟ್ಟಿದರೆ ಸಾಕಲ್ಲ ಎಂದೂ ಕೇಳಿದ್ದೀರಿ. ಸಾಲದು. 1959ರ ಆಗಸ್ಟ್ 17ರ ರಾತ್ರಿ ಅಮೆರಿಕದ ಮೊಂಟಾನಾದಲ್ಲಿ, ಹೆಬ್ಗೆನ್ ಸರೋವರದ ಬಳಿ, 7ಕ್ಕೂ ಮೀರಿದ ತೀವ್ರತೆಯ ಭೂಕಂಪವಾಯಿತು. ಮ್ಯಾಡಿಸನ್ ನದಿಯ ಕಣಿವೆಯಲ್ಲಿ, ಸಾರ್ವಜನಿಕ ಅರಣ್ಯದೊಳಗಿನ ಶಿಬಿರತಾಣದ ಬಳಿ ಬೇಸಿಗೆ ರಜೆಗೆ ಬಂದ ಕುಟುಂಬಗಳು ಮಲಗಿದ್ದವು. ಎದುರಿನ ಬೆಟ್ಟದ ಇಡೀ ಪಕ್ಕೆ ಕಳಚಿ ಕಣಿವೆಗೆ ಬಿತ್ತು, ನದಿ ಕಟ್ಟಿಹೋಗಿ ಹೊಸದೊಂದು ಸರೋವರವೇ ಆಯಿತು. ಆ ಭೂಕಂಪದಲ್ಲಿ ಸತ್ತ 28 ಮಂದಿಯಲ್ಲಿ ಹೆಚ್ಚಿನವರು ಆ ಕುಸಿತದಡಿ ಸಿಕ್ಕವರು, ಹಲವರ ದೇಹಗಳು ಇಂದಿಗೂ ಅಲ್ಲೇ ಇವೆ. ಅಲ್ಲಿ ಬೀಳಲು ಗೋಡೆಯೇ ಇರಲಿಲ್ಲ, ಮಲಗಿದ ಜಾಗವೇ ಅವರನ್ನು ಕೊಂದಿತು. ಅದಕ್ಕಾಗಿಯೇ ನಾನು ಕಬ್ಬಿಣ, ಸಿಮೆಂಟಿಗಿಂತ ಮೊದಲು ಜಾಗದ ಮಾತಾಡುತ್ತಿರುವುದು. ಮೇಲಿನ ಧರೆ ಎಷ್ಟು ಕಡಿದಾಗಿದೆ, ಕಟ್ಟಡ ನಿಲ್ಲುವುದು ಕಡಿದ ನೆಲದ ಮೇಲೋ ತುಂಬಿದ ಮಣ್ಣಿನ ಮೇಲೋ, ಟ್ಯಾಂಕು ಬಿರಿದರೆ ನೀರು ಯಾರ ತಲೆಯ ಮೇಲೆ ಇಳಿಯುತ್ತದೆ, ಇರುವ ಒಂದೇ ಘಾಟಿ ರಸ್ತೆ ಮುಚ್ಚಿದರೆ ಮಕ್ಕಳನ್ನು ಹೇಗೆ ಕರೆತರುವುದು, ಇವೆಲ್ಲ ಭೂಕಂಪದ ಪರಿಶೀಲನೆಯ ಒಳಗೇ ಬರುತ್ತವೆ.

ಇಲ್ಲೊಂದು ಮಾತನ್ನು ನಿಮ್ಮ ಎದುರಾಳಿಗಳಿಗೂ ಹೇಳಬೇಕು. 2018ರ ಜುಲೈನಲ್ಲಿ ಕೊಡಗು ಸಣ್ಣಗೆ ನಡುಗಿತು, ಆಗಸ್ಟಿನಲ್ಲಿ ಗುಡ್ಡಗಳು ಕುಸಿದವು. ಕುಸಿತಕ್ಕೆ ಭೂಕಂಪವೇ ಕಾರಣವೆಂದು ಊರೆಲ್ಲ ಮಾತಾಯಿತು. ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದು ವಿಪರೀತ ಮಳೆ ಮತ್ತು ರಸ್ತೆಗೆ, ಮನೆಗೆ ಎಂದು ಗುಡ್ಡದ ಬುಡ ಕಡಿದದ್ದರ ಕಡೆಗೆ. ಜೆಸಿಬಿ ಮಾಡಿದ ತಪ್ಪನ್ನು ಭೂಮಿಯ ಮೇಲೆ ಹೊರಿಸಬಾರದು. ಆದರೆ ಭೂಕಂಪಕ್ಕೆಂದು ಇಳಿಜಾರು ಅಳೆದು, ಒರತೆ ಗುರುತಿಸಿ, ಗುಂಡಿ ತೋಡಿದವರಿಗೆ ಮಳೆಗಾಲದ ಕುಸಿತದ ಸುಳಿವೂ ಅದೇ ಗುಂಡಿಯಲ್ಲಿ ಸಿಗುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಮಳೆಗೆ ಗುಡ್ಡ ಕುಸಿದಾಗ ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನ ನಿಜವಾದ ಸಂಕಟ ಬೇರೆಯೇ ಇದೆ. ನಮ್ಮಲ್ಲಿ ಜಾಗ ಮೊದಲು ಗೊತ್ತಾಗುತ್ತದೆ, ವರದಿ ಆಮೇಲೆ ಹುಟ್ಟುತ್ತದೆ. ನೋಟ ಚೆನ್ನಾಗಿರುವ ಗುಡ್ಡದ ನೆತ್ತಿಯೇ ಬೇಕು ಎನ್ನುತ್ತಾರೆ, ನಡುಕ ನೆತ್ತಿಯಲ್ಲಿ ಹೆಚ್ಚಾಗಬಹುದೆಂದು ಯಾರೂ ನೆನೆಯುವುದಿಲ್ಲ. ಕಟ್ಟಡಗಳ ಭೂಕಂಪ ಸಂಹಿತೆಯ 2016ರ ಆವೃತ್ತಿ ನೆಲವನ್ನು ಬಂಡೆ ಅಥವಾ ಗಟ್ಟಿ, ಮಧ್ಯಮ, ಮೆತ್ತನೆ ಎಂದು ಮೂರು ಬಗೆ ಮಾಡುತ್ತದೆ. ಗುಂಡಿಯನ್ನೇ ತೋಡದವರು ಯಾವ ಬಗೆಯೆಂದು ಬರೆಯುತ್ತಾರೆ? ಒಂದಕ್ಕೊಂದು ಇಪ್ಪತ್ತು ಕಿಲೋಮೀಟರ್ ದೂರದ ಎರಡು ಕಾಮಗಾರಿಗಳ ಮಣ್ಣು ಪರೀಕ್ಷೆಯ ವರದಿಗಳನ್ನು ನಾನು ಪಕ್ಕಪಕ್ಕದಲ್ಲಿಟ್ಟು ಓದಿದ್ದೇನೆ. ಅಂಕಿಗಳೂ ಅವೇ, ಅಕ್ಷರದ ತಪ್ಪುಗಳೂ ಅವೇ, ಊರಿನ ಹೆಸರು ಮಾತ್ರ ಬೇರೆ. ಎರಡೂ ಇಂಗ್ಲಿಷಿನಲ್ಲಿದ್ದವು, ಪಂಚಾಯಿತಿಯಲ್ಲಿ ಯಾರೂ ಓದಿರಲಿಲ್ಲ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯು ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿದ ಪರಿಸರ ಪ್ರವಾಸೋದ್ಯಮದ ಸೌಲಭ್ಯಗಳನ್ನು, ಕೇಂದ್ರದ ಅನುಮತಿ ಬೇಕಾಗುವ ಅರಣ್ಯೇತರ ಬಳಕೆ ಎಂದು ಎಣಿಸುವುದಿಲ್ಲ. ಹೊರಗಿನವರು ಕಡತ ತೆರೆದು ನೋಡುತ್ತಿದ್ದ ಒಂದು ಬಾಗಿಲು ಹಾಗೆ ಮುಚ್ಚಿದ ಮೇಲೆ ಕೇಳಬೇಕಾದವರು ಊರಿನವರೇ. ಸ್ವಂತ ತೋಟದಲ್ಲಿ ಮನೆ ಕಟ್ಟುವವನು ತನ್ನ ಅಪಾಯವನ್ನು ತಾನೇ ಹೊರುತ್ತಾನೆ. ಸರ್ಕಾರಿ ಕಾಡಿನಲ್ಲಿ ಮಲಗಲು ಬರುವ ಮಗು ಇಲಾಖೆಯ ಬೋರ್ಡನ್ನು ನಂಬಿ ಬರುತ್ತದೆ. ಅಲ್ಲದೆ ಆ ಮಗುವಿಗಾಗಿ ಕಡಿದ ಕಾನು (ದಟ್ಟ ಕಾಡು), ‘ಜಾಗ ತಪ್ಪಾಯಿತು’ ಎಂದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಕಾವಲುಗಾರನ ತಗಡಿನ ಗುಡಿಸಲಿಗೂ ಇಷ್ಟೆಲ್ಲ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮಕ್ಕಳು ರಾತ್ರಿ ತಂಗುವ ಕಟ್ಟಡಕ್ಕೆ ಬೇಕು. ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು ಕೇಳಿ: ಒಂದರ ಬದಲು ಮೂರು ಜಾಗ ತೋರಿಸಲಿ, ಮೂರರಲ್ಲೂ ಗುಂಡಿ ತೋಡಲಿ, ಭೂವಿಜ್ಞಾನಿಯೊಬ್ಬರು ಬಂದು ನಡೆದು ನೋಡಲಿ, ವರದಿಯನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ನಿಮ್ಮ ಮಾತಿಗೆ ಊರಿನಲ್ಲಿ ಇರುವ ತೂಕ ನನ್ನ ಪತ್ರಿಕೆಗಿಲ್ಲ. ಫೆಬ್ರವರಿಯಲ್ಲಿ ತೋಡಿದ ಗುಂಡಿ ಒಣಗಿಯೇ ಇರುತ್ತದೆ, ಹಾಗಾಗಿ ಅದನ್ನು ಮುಚ್ಚದೆ ಬೇಲಿ ಕಟ್ಟಿ ಆಷಾಢದವರೆಗೆ ಉಳಿಸಲು ಹೇಳಿ. ಮಳೆ ಹಿಡಿದ ಮೇಲೆ ಒಂದು ಕಾರ್ಡು ಬರೆಯಿರಿ, ನಾನೂ ಬರುತ್ತೇನೆ. ನೀರು ಎಷ್ಟು ಅಡಿಗೆ ನಿಂತಿದೆ ಎಂದು ಇಬ್ಬರೂ ಸೇರಿ ಅಳೆದು ಇದೇ ಪುಟದಲ್ಲಿ ಅಚ್ಚು ಹಾಕೋಣ.

– ಸಂಪಾದಕ, ಚಿಕ್ಕಮಗಳೂರು